ನಲ್ಲಿಯಲ್ಲಿ ಮೊದಲು ಬರುವ ನೀರು

ನೀರಿನ ಲೋಟಕ್ಕೆ ಪೆನ್ನಿನಂಥ ಮೀಟರ್ ಅದ್ದಿ, ಅದರಲ್ಲಿ ಮೂಡಿದ ಅಂಕಿ ತೋರಿಸಿ, "ನೋಡಿ ಮೇಡಂ, ಪ್ಯೂರ್ ವಾಟರ್" ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಮೀಟರ್ ನನ್ನ ಬ್ಯಾಗಿನಲ್ಲೂ ಇದೆ. ಅದು ಹೇಳುವುದು ಒಂದೇ ಸಂಗತಿ: ನೀರಿನಲ್ಲಿ ಉಪ್ಪು, ಸುಣ್ಣದಂಥವು ಎಷ್ಟು ಕರಗಿವೆ ಎಂದು. ಅದೇ ನೀರಿಗೆ ಪಕ್ಕದ ಮನೆಯ ಕಕ್ಕಸಿನ ನೀರು ಬೆರೆತಿದ್ದರೂ ಅದು ಬಾಯಿ ಬಿಡುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಕೊಳ್ಳುವವರಿಗೆ ಗೊತ್ತಿಲ್ಲ. ಇದರ ನಡುವೆ ಒಂದು ಬೇಸಿಗೆಯಲ್ಲಿ ನಾನು ಸಿಕ್ಕಿಹಾಕಿಕೊಂಡೆ.

ಆಗ ನಾನು ದೊಡ್ಡಬಳ್ಳಾಪುರದ ಒಂದು ವಾಟರ್ ಫಿಲ್ಟರ್ ಅಂಗಡಿಯಲ್ಲಿ ಸರ್ವಿಸ್ ಕೆಲಸಕ್ಕಿದ್ದೆ. ಮಾರುವುದು, ಗೋಡೆಗೆ ಹಾಕುವುದು ಬೇರೆಯವರ ಕೆಲಸ. ಕೆಟ್ಟಾಗ ಹೋಗುವುದು ನನ್ನದು. ಸ್ಕೂಟರಿನ ಮುಂದೆ ಟೂಲ್ ಬ್ಯಾಗು, ಹಿಂದೆ ಫಿಲ್ಟರ್ ಕ್ಯಾಂಡಲ್‌ಗಳ ರಟ್ಟಿನ ಪೆಟ್ಟಿಗೆ. ಒಂದು ಕಡೆ ಮಾಕಳಿದುರ್ಗದ ಹಾದಿಯ ಹಳ್ಳಿಗಳು, ಇನ್ನೊಂದು ಕಡೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳ ಸುತ್ತ ಎದ್ದ ಬಡಾವಣೆಗಳು. ಹೆಂಗಸು ಎಂಬ ಕಾರಣಕ್ಕೆ ಎಲ್ಲರೂ ನನ್ನನ್ನು ನೇರ ಅಡುಗೆಮನೆಗೆ ಬಿಡುತ್ತಿದ್ದರು. ಅದೇ ಕಾರಣಕ್ಕೆ, ನಾನು ಸ್ಪ್ಯಾನರ್ ಹಿಡಿದು ನಿಂತಿದ್ದರೂ, "ಮೆಕ್ಯಾನಿಕ್ ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದರು.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ಹಾಗಾಗಿ ಬಾಡಿಗೆ ಮನೆಯವರೂ ಮೊದಲು ಕೊಳ್ಳುವ ವಸ್ತುಗಳಲ್ಲಿ ಫಿಲ್ಟರ್ ಒಂದು. ಕೆಲವರು ಮಂಚಕ್ಕಿಂತ ಮೊದಲು ಅದನ್ನು ತರುತ್ತಾರೆ.

ಒಂದು ಬೆಳಿಗ್ಗೆ ಫೋನ್ ಬಂತು. ಬಾಶೆಟ್ಟಿಹಳ್ಳಿಗೆ ಕೆಲಸಕ್ಕೆ ಹೋಗುವವರೇ ಹೆಚ್ಚಾಗಿ ಇರುವ ಒಂದು ಖಾಸಗಿ ಬಡಾವಣೆಯಿಂದ. ಅದರ ಹೆಸರು ಬೇಡ.

"ನಿಮ್ ಫಿಲ್ಟ್ರು ಬಿಚ್ಕೊಂಡೋಗಿ," ಎಂದ ಆ ಕಡೆಯವನು. "ನೀವು ಬರ್ಲಿಲ್ಲ ಅಂದ್ರೆ ನಾನೇ ಕಿತ್ತು ಬೀದಿಗೆ ಎಸೀತೀನಿ."

ಏನಾಯಿತೆಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದ.

ಮಹಡಿಯ ಮೇಲೆ ಒಂದು ರೂಮು, ಒಂದು ಅಡುಗೆಮನೆಯ ಮನೆ. ಫೋನ್ ಮಾಡಿದವನು ಫ್ಯಾಕ್ಟರಿಯ ಯೂನಿಫಾರಂನಲ್ಲೇ ಬಾಗಿಲಲ್ಲಿ ನಿಂತಿದ್ದ. ಒಳಗೆ ಚಾಪೆಯ ಮೇಲೆ ಅವನ ಹೆಂಡತಿ ಗೋಡೆಗೆ ಒರಗಿದ್ದಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಏಳು ತಿಂಗಳ ಬಸುರಿ. ನನ್ನನ್ನು ನೋಡಿ ಎದ್ದು ಕೂರಲು ಹೋದಳು. ಕಣ್ಣಿನ ಬಿಳಿಯೆಲ್ಲ ಅರಿಶಿನವಾಗಿತ್ತು. ಪಕ್ಕದಲ್ಲಿ ಅವಳ ತಾಯಿ. ಸೂಲಿಬೆಲೆ ಕಡೆಯವರು, ಹಸುಗಳನ್ನು ನೆರೆಯವರಿಗೆ ಒಪ್ಪಿಸಿ ಮಗಳ ಬಾಣಂತನಕ್ಕೆಂದು ಬರಬೇಕಾಗಿದ್ದವರು ಎರಡು ತಿಂಗಳು ಮುಂಚೆಯೇ ಓಡಿಬಂದಿದ್ದರು.

ಗಂಡ ಫಿಲ್ಟರಿನ ಕಡೆ ಕೈ ತೋರಿಸಿದ. "ಇವ್ಳು ಬಸುರಿ ಅಂತಾನೇ ಇದನ್ನ ಹಾಕ್ಸಿದ್ದು. ಹೊರಗಡೆ ಎಲ್ಲೂ ಒಂದು ತೊಟ್ಟು ನೀರು ಕುಡಿಯಲ್ಲ ಇವ್ಳು. ಫ್ಯಾಕ್ಟ್ರಿಗೂ ಬಾಟ್ಲಲ್ಲಿ ಇದ್ನೇ ತಗೊಂಡೋಗ್ತಾಳೆ. ಡಾಕ್ಟ್ರು ನೀರಿಂದ ಬಂದಿರೋ ಜಾಂಡೀಸ್ ಅಂತಾವ್ರೆ. ಈಗ ಹೇಳಿ, ಎಲ್ಲಿಂದ ಬಂತು?"

"ಬಿಚ್ಚಿ ನೋಡ್ತೀನಿ," ಎಂದೆ.

ಮೊದಲು ಹೊರಗಿನ ಬಟ್ಟಲು ತಿರುಗಿಸಿ ಕ್ಯಾಂಡಲ್ ತೆಗೆದೆ. ನೀರಿನ ಕೆಸರು ಹಿಡಿಯುವ ಬಿಳಿಯ ದಿಂಡು ಅದು. ಬೋರ್ ನೀರಾದರೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಇದು ಕಪ್ಪಗಿತ್ತು, ಬೆರಳಿಗೆ ಲೋಳೆ ಹತ್ತಿತು. ಮೂಗಿನ ಹತ್ತಿರ ತರಬೇಕಾಗಿರಲಿಲ್ಲ. ಚರಂಡಿಯ ವಾಸನೆ ಅಡುಗೆಮನೆ ತುಂಬಿತು. ಆ ಹುಡುಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ನಲ್ಲಿಯ ನೀರು ಕೆಟ್ಟಿದೆ ಎಂಬುದು ಅಲ್ಲಿಗೇ ಗೊತ್ತಾಯಿತು. ಆದರೆ ಕೆಟ್ಟ ನೀರನ್ನು ಸೋಸುವುದಕ್ಕೇ ತಾನೇ ಮಿಷನ್ ಇರುವುದು? ಮುಂದಿನ ಕವರ್ ಬಿಚ್ಚಿದೆ. ಕ್ರಿಮಿ ಕೊಲ್ಲುವ ಯುವಿ ಲ್ಯಾಂಪ್ ಸ್ಟೀಲ್ ಕೊಳವೆಯೊಳಗೆ ಇರುತ್ತದೆ. ಉರಿಯುತ್ತಿದ್ದರೆ ಕೊಳವೆ ಮುಟ್ಟಿದಾಗ ಬೆಚ್ಚಗಿರಬೇಕು. ತಣ್ಣಗಿತ್ತು. ಲ್ಯಾಂಪ್ ಎಳೆದೆ, ಎರಡೂ ತುದಿ ಸುಟ್ಟು ಕರ್ರಗಾಗಿತ್ತು. ಆದರೆ ಮುಂದಿನ ಕವರಿನಲ್ಲಿ ಯುವಿ ಎಂದು ಬರೆದ ಕಡೆ ನೀಲಿ ದೀಪ ಚೆನ್ನಾಗಿ ಹೊಳೆಯುತ್ತಿತ್ತು. ಅಗ್ಗದ ಬಿಡಿಭಾಗ ಜೋಡಿಸಿ ಮೇಲೆ ಚಂದದ ಸ್ಟಿಕ್ಕರ್ ಅಂಟಿಸಿದ ಮಿಷನ್‌ಗಳು ಇವು. ಆ ನೀಲಿ ದೀಪಕ್ಕೂ ಒಳಗಿನ ಲ್ಯಾಂಪಿಗೂ ಸಂಬಂಧವೇ ಇಟ್ಟಿರಲಿಲ್ಲ. ಕರೆಂಟ್ ಇದ್ದರೆ ಸಾಕು, ಅದು ಉರಿಯುತ್ತದೆ.

ಇನ್ನೂ ಒಂದು ಉಳಿದಿತ್ತು. ಆರ್‌ಒ ಮಿಷನ್ನಿನ ಜೀವವೆಂದರೆ ಮೆಂಬ್ರೇನ್, ಅಂದರೆ ಉಪ್ಪನ್ನೂ ಕ್ರಿಮಿಯನ್ನೂ ತಡೆಯುವ ಪೊರೆ. ಅದರಿಂದ ಬಂದ ನೀರು ತೀರ ಸಪ್ಪೆ ಎನ್ನುತ್ತಾರೆಂದು, ಸ್ವಲ್ಪ ನೀರನ್ನು ಪೊರೆಗೆ ಹಾಯಿಸದೆ ಪಕ್ಕದಿಂದ ತಂದು ಬೆರೆಸಲು ಒಂದು ಸಣ್ಣ ತಿರುಪು ಇಟ್ಟಿರುತ್ತಾರೆ. ಆ ತಿರುಪು ಪೂರ್ತಿ ತೆರೆದಿತ್ತು. ಹೊರಬರುವ ನೀರಿಗೆ ಮೀಟರ್ ಅದ್ದಿದೆ, ಅಂಕಿ ಇನ್ನೂರರ ಆಸುಪಾಸು. ತಿರುಪು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದೆ, ಐವತ್ತಕ್ಕೂ ಕೆಳಗೆ ಇಳಿಯಿತು. ಅಂದರೆ ಪೊರೆ ಗಟ್ಟಿಯಾಗಿಯೇ ಇತ್ತು. ಚರಂಡಿ ಬೆರೆತ ನೀರಿಗೆ ಅದರ ಪಕ್ಕದಲ್ಲೇ ದಾರಿ ಬಿಟ್ಟುಕೊಟ್ಟಿದ್ದರು. ದಾರಿಯ ಕೊನೆಯಲ್ಲಿ ಕಾಯಬೇಕಾದ ಲ್ಯಾಂಪು ಸತ್ತಿತ್ತು.

ಇದನ್ನು ಸುತ್ತಿಬಳಸಿ ಹೇಳಬಹುದಿತ್ತು. ನಾನು ಇದ್ದದ್ದನ್ನೇ ಹೇಳಿದೆ.

ಹುಡುಗಿಯ ತಾಯಿ ನನ್ನನ್ನೇ ನೋಡುತ್ತಾ ಅಂದರು, "ಹಂಗಾರೆ ಬರೀ ಡಬ್ಬ ನೇತಾಕಿ ಹೋಗಿದ್ರಾ ತಾಯಿ ನೀವು?"

ಅದೇ ಮಧ್ಯಾಹ್ನ ಆ ಹುಡುಗಿಗೆ ವಾಂತಿ ಹೆಚ್ಚಾಗಿ, ಕರೆದರೆ ಕಣ್ಣು ಬಿಡದಷ್ಟು ಮಂಪರು ಕವಿಯಿತು. ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಬಸುರಿಯರಿಗೆ ಈ ಕಾಮಾಲೆ ಬಂದರೆ ಎಷ್ಟು ಅಪಾಯವೆಂದು ನನಗೆ ತಿಳಿದದ್ದು ಆಮೇಲೆ.

ಅಂಗಡಿಗೆ ಬಂದು ಲ್ಯಾಂಪನ್ನೂ ಕಪ್ಪು ಕ್ಯಾಂಡಲನ್ನೂ ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಕ್ಯಾಂಡಲನ್ನು ಪೇಪರಿನಲ್ಲಿ ಸುತ್ತಿ ಕೆಳಗಿಟ್ಟರು, ಗಿರಾಕಿಗಳು ಬರುವ ಹೊತ್ತು ಎಂದು.

"ಲ್ಯಾಂಪ್ ಚೇಂಜ್ ಮಾಡ್ಬಿಟ್ಟು ಬಾಮ್ಮ, ಅಷ್ಟೇ. ಜಾಂಡೀಸು ಎಲ್ಲಾರ್ಗೂ ಬರುತ್ತೆ. ಎಲ್ಲಿ ಪಾನಿಪೂರಿ ತಿಂದಿದ್ಲೋ ಏನೋ."

"ಬೈಪಾಸ್ ತಿರುಪು ಪೂರ್ತಿ ಓಪನ್ ಇತ್ತು ಸಾರ್. ಯಾಕೆ?"

"ಸಪ್ಪೆ ನೀರು ಅಂತ ಜನ ಕಂಪ್ಲೇಂಟ್ ಮಾಡ್ತಾರೆ. ಟ್ಯಾಂಕ್ ಬೇಗ ತುಂಬಲ್ಲ ಅಂತಾರೆ. ಅದಕ್ಕೆ ಹಾಕೋವಾಗ್ಲೇ ಓಪನ್ ಮಾಡ್ಬಿಡಿ ಅಂತ ಹುಡುಗ್ರಿಗೆ ನಾನೇ ಹೇಳಿರೋದು. ಮೆಂಬ್ರೇನ್ ಮೇಲೂ ಲೋಡ್ ಬೀಳಲ್ಲ, ಗ್ಯಾರಂಟಿ ಮುಗಿಯೋವರ್ಗೂ ತಲೆನೋವಿಲ್ಲ."

ಆ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ನಮ್ಮದೇ ಮಿಷನ್‌ಗಳಿದ್ದವು. ಬೋರ್ ನೀರು ಬರೀ ಗಡಸಾಗಿದ್ದರೆ ಆ ತಿರುಪಿನಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ ಎಂದು ಮಾಲೀಕರು ವಾದಿಸಿದರು. ಸರಿ, ಆದರೆ ಮೆಂಬ್ರೇನ್ ಎಂದು ಹೇಳಿ ಮಾರಿ, ಮೆಂಬ್ರೇನನ್ನು ತಪ್ಪಿಸಿ ನೀರು ಕೊಡುವುದಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. ಅದಕ್ಕೆ ಅವರು, "ನೀನು ಟೆಕ್ನಿಷಿಯನ್ನು, ಲಾಯರ್ ಆಗ್ಬೇಡ," ಎಂದರು.

ಮರುದಿನ ಬೇರೆ ಕಂಪ್ಲೇಂಟಿನ ನೆಪದಲ್ಲಿ ಆ ಬೀದಿಗೇ ಹೋದೆ. ಆ ಹುಡುಗಿಯ ಮನೆಯಿಂದ ಮೂರನೇ ಮನೆಯಲ್ಲಿ ಒಬ್ಬ ಅಜ್ಜನಿಗೆ ಭೇದಿ. ಅದರ ಕೆಳಗಿನ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಕಾಮಾಲೆ, ಹಳ್ಳಿಯಿಂದ ಔಷಧಿ ತರಿಸಿ ಕುಡಿಸುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಮನೆಯೊಳಗೇ ಕಾರಣ ಹುಡುಕಿಕೊಂಡಿದ್ದರು. ಒಬ್ಬರಿಗೆ ಹೋಟೆಲ್ ಊಟ, ಒಬ್ಬರಿಗೆ ಉಷ್ಣ, ಒಬ್ಬರಿಗೆ ಯಾರದೋ ದೃಷ್ಟಿ.

ಬಡಾವಣೆಯನ್ನು ಕಟ್ಟಿದವರು ಅದನ್ನು ಇನ್ನೂ ಯಾರಿಗೂ ಹಸ್ತಾಂತರಿಸಿರಲಿಲ್ಲ. ಬೋರು, ಓವರ್‌ಹೆಡ್ ಟ್ಯಾಂಕು, ಪೈಪು ಎಲ್ಲ ಅವರ ಕೈಯಲ್ಲೇ. ನೀರು ಬಿಡುವುದು ದಿನ ಬಿಟ್ಟು ದಿನ. ಗೇಟಿನ ಪಕ್ಕದ ಆಫೀಸಿನಲ್ಲಿ ಅವರ ಮ್ಯಾನೇಜರ್ ಕೂತಿರುತ್ತಿದ್ದ. ನಾನು ವಿಷಯ ಹೇಳಿದ ಕೂಡಲೇ ಗೋಡೆಯ ಕಡೆ ಗಲ್ಲ ಎತ್ತಿದ. ಅಲ್ಲಿ ಫ್ರೇಮ್ ಹಾಕಿಸಿದ ಲ್ಯಾಬ್ ರಿಪೋರ್ಟ್. ನೀರು ಕುಡಿಯಲು ಯೋಗ್ಯ ಎಂದಿತ್ತು.

"ಸ್ಯಾಂಪಲ್ ಎಲ್ಲಿಂದ ತಗೊಂಡಿದ್ದು?" ಎಂದೆ.

"ಟ್ಯಾಂಕಿಂದ. ಇನ್ನೆಲ್ಲಿಂದ ತಗೋತಾರೆ?"

"ಜನ ಟ್ಯಾಂಕಲ್ಲಿ ಕುಡಿಯಲ್ವಲ್ಲ ಸಾರ್, ನಲ್ಲೀಲಿ ಕುಡೀತಾರೆ."

"ಮೇಡಂ, ನೀವು ಫಿಲ್ಟರ್ ಮಾರೋರು. ನೀರು ಕೆಟ್ಟೋಗಿದೆ ಅಂತ ಹೇಳೋದೇ ನಿಮ್ ಬಿಸಿನೆಸ್ಸು," ಎಂದು ನಕ್ಕ.

ಆ ನಗು ನನಗೆ ಬಹಳ ದಿನ ಚುಚ್ಚಿತು. ಏಕೆಂದರೆ ಅವನು ಹೇಳಿದ್ದರಲ್ಲಿ ನಿಜವಿತ್ತು. ಲೋಟಕ್ಕೆ ಎರಡು ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟು, ನೀರು ಕಂದಾದಾಗ "ನೋಡಿ ನೀವು ಕುಡೀತಿರೋದು ಇದನ್ನ" ಎಂದು ಹೆದರಿಸುವ ಸೇಲ್ಸ್‌ನವರು ನಮ್ಮ ಅಂಗಡಿಯಲ್ಲೂ ಇದ್ದರು. ಕಂದಾಗುವುದು ಕಡ್ಡಿಯ ಕಬ್ಬಿಣ. ಇಂಥ ಆಟಗಳನ್ನು ಆಡಿ ಆಡಿ, ನಿಜವಾಗಿ ವಿಷ ಬಂದ ದಿನ ನಮ್ಮ ಮಾತನ್ನು ಯಾರೂ ನಂಬದ ಹಾಗೆ ಮಾಡಿಟ್ಟಿದ್ದರು.

ಬಾಯಿಮಾತು ಸಾಲದು ಎಂದು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಗುರುತಿನ ಒಬ್ಬರ ಬಳಿ ಹೋದೆ. ಅವರು ನೀರು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿಗಳನ್ನು ತರಿಸಿಕೊಟ್ಟರು. ಬೆರಳುದ್ದದ ಬಾಟಲಿ, ಒಳಗೆ ಮದ್ದು ಹಚ್ಚಿದ ಕಾಗದದ ಚೂರು. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಸೋಂಕಿದ್ದರೆ ನೀರು ಮಸಿಯಂತೆ ಕಪ್ಪಾಗುತ್ತದೆ. ಇಲ್ಲವಾದರೆ ತಿಳಿ ಹಳದಿಯಾಗಿಯೇ ಉಳಿಯುತ್ತದೆ. "ಬಾಟ್ಲಿ ಬಾಯಿಗೆ ಬೆರಳು ತಗಲಿಸ್ಬೇಡ, ಆಮೇಲೆ ನಿನ್ನ ಕೈಯದೇ ರಿಸಲ್ಟ್ ಬರುತ್ತೆ," ಎಂದು ಎಚ್ಚರಿಸಿದರು.

ನೀರು ಬಿಡುವ ದಿನ, ಬೇರೆ ಎರಡು ಕೆಲಸ ಮುಗಿಸಿ ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ನಲ್ಲಿಗಳಲ್ಲಿ ನೀರು ಇನ್ನೂ ಬರುತ್ತಿತ್ತು. ನಾಲ್ಕೈದು ಮನೆಗಳಲ್ಲಿ ತುಂಬಿಕೊಂಡೆ. ಮನೆಗೆ ತಂದು, ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಎರಡು ದಿನ ಬಿಟ್ಟು ತೆಗೆದರೆ ಒಂದೂ ಕಪ್ಪಾಗಿರಲಿಲ್ಲ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆ ಕ್ಯಾಂಡಲಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇತ್ತು, ಬಾಟಲಿ ಮಾತ್ರ ಇಲ್ಲ ಎನ್ನುತ್ತಿತ್ತು. ಮಾಲೀಕರು, "ನೋಡಿದ್ಯಾ? ಇನ್ಮೇಲಾದ್ರೂ ನಿನ್ ಕೆಲಸ ನೋಡ್ಕೋ," ಎಂದರು.

ಇದಾದ ಮಾರನೆಯ ದಿನ ಆ ಹುಡುಗಿಯ ತಾಯಿ ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಹೇಗಿದ್ದಾಳೆಂದು ಕೇಳಲು ಹೋದೆ. ಐಸಿಯುನಲ್ಲಿದ್ದಾಳೆ, ಒಳಗೆ ಬಿಡುತ್ತಿಲ್ಲ ಎಂದರು. ಬಾಟಲಿಯ ಸಂಗತಿ ಹೇಳಿದೆ. ಅವರು ಸೀರೆ ಮಡಿಸುತ್ತಿದ್ದ ಕೈ ನಿಲ್ಲಿಸಿದರು.

"ನೀನು ಯಾವೊತ್ತಲ್ಲಿ ಹಿಡ್ದೆ ನೀರ?"

"ಹತ್ತು ಗಂಟೆ ಆಗಿತ್ತೇನೋ ಅಮ್ಮ."

"ಅಷ್ಟೊತ್ಗೆ ಸರಿಯಾಗಿರ್ತದೆ. ನಲ್ಲೀಲಿ ಮೊದ್ಲು ಬತ್ತದಲ್ಲ, ಅದು ನಾತ ಹೊಡೀತದೆ. ನಾನು ಬಂದ ಮೊದಲನೇ ದಿನವೇ ಕೇಳ್ದೆ, ಇದೇನೇ ಇದು ಅಂತ. ಪೈಪಲ್ಲಿ ನಿಂತಿರೋ ನೀರು ಕಣಮ್ಮ, ಫಿಲ್ಟ್ರಾಯ್ತದೆ ಅಂದ್ಲು. ಮೊದಲನೇ ಶಿಫ್ಟು ಅವ್ಳದು. ವಾಲ್ವ್ ತಿರುಗಿಸ್ತಿದ್ದಂಗೇ ಬಿಂದಿಗೆ, ಫಿಲ್ಟ್ರು ಎಲ್ಲಾ ತುಂಬಿಸ್ಕೊಂಡು ಬಸ್ಸಿಗೆ ಓಡ್ತಿದ್ಲು. ಆಮೇಲಿನ ನೀರು ಹಿಡಿಯೋಕೆ ಅವ್ಳಿಗೆಲ್ಲಿ ಪುರುಸೊತ್ತು."

ಬಾಗಿಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲ್ಲ ಕಣ್ಣಮುಂದೆ ಒಂದಕ್ಕೊಂದು ಕೂಡಿಕೊಂಡಿತು. ನೀರು ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗುತ್ತದೆ. ಬೀದಿಯ ಇಳಿಜಾರಿನ ಮನೆಗಳವರು ನೀರು ಸಾಲದೆಂದು ಲೈನಿಗೇ ಮೋಟರ್ ಹಾಕಿ ಎಳೆಯುತ್ತಾರೆ. ಖಾಲಿ ಪೈಪನ್ನು ಮೋಟರ್ ಹೀರಿದರೆ, ಎಲ್ಲಿ ಬಿರುಕಿದೆಯೋ ಅಲ್ಲಿಂದ ಹೊರಗಿನದು ಒಳಗೆ ಬರುತ್ತದೆ. ಬಿರುಕಿನ ಸುತ್ತ ಚರಂಡಿಯ ನೀರು ನಿಂತಿದ್ದರೆ ಅದೇ ಬರುತ್ತದೆ. ಮುಂದಿನ ಸಲ ವಾಲ್ವ್ ತಿರುಗಿಸಿದಾಗ ಮೊದಲು ನಲ್ಲಿಗೆ ತಳ್ಳಿಕೊಂಡು ಬರುವುದು ಆ ಕೊಳಕು. ಆಮೇಲೆ ಒತ್ತಡ ಏರಿ, ನೀರೇ ಬಿರುಕಿನಿಂದ ಹೊರಗೆ ಹೋಗುತ್ತದೆ, ನಲ್ಲಿಯಲ್ಲಿ ತಿಳಿನೀರು ಬರುತ್ತದೆ. ನಾನು ಹಿಡಿದದ್ದು ಆ ತಿಳಿನೀರನ್ನು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಾದ ಹೆಂಗಸರು ಕುಡಿದದ್ದು ಮೊದಲಿನದನ್ನು.

ಮುಂದಿನ ನೀರಿನ ದಿನಕ್ಕೆ ಬೀದಿಯ ಉದ್ದಕ್ಕೂ ಮನೆಗೊಬ್ಬ ಹೆಂಗಸಿಗೆ ಬಾಟಲಿ ಕೊಟ್ಟು ಬಂದೆ. ಹೇಗೆ ಹಿಡಿಯಬೇಕು, ಬಾಟಲಿಯ ಬಾಯಿ ಯಾಕೆ ಮುಟ್ಟಬಾರದು ಎಂದು ತೋರಿಸಿಕೊಟ್ಟೆ. ಬೆಳಿಗ್ಗೆ ವಾಲ್ವ್ ತಿರುಗಿಸುವ ಮೊದಲೇ ಅಲ್ಲಿದ್ದೆ. ನಲ್ಲಿ ಮೊದಲು ಬುಸ್ ಎಂದು ಗಾಳಿ ಬಿಟ್ಟಿತು, ಆಮೇಲೆ ಕೆಮ್ಮಿದಂತೆ ನೀರು ಉಗುಳಿತು. ಆ ಮೊದಲ ನೀರನ್ನೇ ಎಲ್ಲರೂ ಹಿಡಿದರು. ಮೇಲೆ ಮನೆಯ ನಂಬರ್ ಬರೆದು, ಅವರವರ ಅಡುಗೆಮನೆಯಲ್ಲೇ ಇಡಿಸಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಫೋನ್ ಮೇಲೆ ಫೋನ್. "ಅಕ್ಕ, ನಮ್ದು ಕರ್ರಗಾಯ್ತು." "ನಮ್ದೂನೂ ಅಕ್ಕ, ಇಂಕ್ ಇದ್ದಂಗಿದೆ." ಹೋಗಿ ನೋಡಿದೆ. ಟ್ಯಾಂಕಿನಿಂದ ಬೀದಿಯ ನಡುವಿನ ಪ್ರಾವಿಷನ್ ಸ್ಟೋರ್‌ವರೆಗೆ ಎಲ್ಲ ಬಾಟಲಿಗಳೂ ಹಳದಿ. ಸ್ಟೋರ್ ದಾಟಿದ ಮೇಲಿನ ಮನೆಯಿಂದ ಹಿಡಿದು ಕೊನೆಯವರೆಗೆ ಎಲ್ಲ ಕಪ್ಪು. ಸ್ಟೋರಿಗೂ ಅದರ ಪಕ್ಕದ ಮನೆಗೂ ನಡುವೆ ರಸ್ತೆಯಲ್ಲಿ ಅಗೆದು ಮುಚ್ಚಿದ ಗುರುತು ಇನ್ನೂ ಇತ್ತು. ಆ ಮನೆಗೆ ಒಳಚರಂಡಿ ಸಂಪರ್ಕ ಕೊಟ್ಟಿದ್ದು ಅಲ್ಲೇ.

ಅಷ್ಟರಲ್ಲಿ ಮಾಲೀಕರ ಫೋನ್ ಬಂತು.

"ಆ ಬಾಟ್ಲಿ ಎಲ್ಲಾ ಎಸೆದುಬಿಟ್ಟು ಅಂಗಡಿಗೆ ಬಾ. ಲೇಔಟ್‌ನೋರು ಫೋನ್ ಮಾಡಿದ್ರು. ಅವರ ಹೊಸ ಲೇಔಟಲ್ಲಿ ಮನೆಮನೆಗೂ ನಮ್ಮ ಮಿಷನ್ನೇ ಹಾಕ್ಸೋ ಮಾತಾಗಿದೆ. ಎಲ್ಲಾ ಹಾಳು ಮಾಡ್ಬೇಡ."

"ಸಾರ್, ಇಲ್ಲಿ ಅರ್ಧ ಬೀದಿ ಕಕ್ಕಸ್ ನೀರು ಕುಡೀತಿದೆ."

"ನಮ್ ಮಿಷನ್ ಇದೆಯಲ್ಲ, ಕುಡೀಲಿ."

ಈ ಮಾತನ್ನು ಅವರು ಯೋಚಿಸಿ ಹೇಳಿದರೋ, ಬಾಯಿಗೆ ಬಂದದ್ದನ್ನು ಹೇಳಿದರೋ ಗೊತ್ತಿಲ್ಲ. ನಾನು ಫೋನ್ ಇಟ್ಟೆ. ಅಂಗಡಿಗೆ ವಾಪಸ್ ಹೋದರೆ ಕೆಲಸ ಉಳಿಯುತ್ತದೆ, ಈ ಬೀದಿಗೆ ಬೇರೆ ಯಾರನ್ನೋ ಕಳಿಸುತ್ತಾರೆ, ಅವನು ಹೊಸ ಕ್ಯಾಂಡಲ್ ಹಾಕಿ ಹೋಗುತ್ತಾನೆ. ಅದು ಸ್ಪಷ್ಟವಾಗಿತ್ತು. ಟೂಲ್ ಬ್ಯಾಗ್ ಎತ್ತಿಕೊಂಡು ಪ್ರಾವಿಷನ್ ಸ್ಟೋರ್ ಪಕ್ಕದ ಮನೆಯ ಬಾಗಿಲು ತಟ್ಟಿದೆ.

ಅಲ್ಲಿಂದ ಶುರುಮಾಡಿ ಕೆಳಗಿನ ಕೊನೆಯವರೆಗೆ, ಆ ಸಂಜೆಯೂ ಮರುದಿನವೂ, ಒಂದೊಂದೇ ಮಿಷನ್ನಿನ ಕವರ್ ತೆಗೆದೆ. ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ತೆಗೆದೆ. ಸ್ಟೀಲ್ ಕೊಳವೆ ಮುಟ್ಟಿ ನೋಡಿ ಎಂದೆ. ಹಲವು ಕಡೆ ತಣ್ಣಗಿದ್ದವು. ನೀಲಿ ದೀಪವನ್ನು ನಂಬಬೇಡಿ ಎಂದೆ. ತಿರುಪು ಎಲ್ಲಿದೆಯೆಂದು ತೋರಿಸಿ, ಅವರ ಕೈಯಲ್ಲೇ ಮುಚ್ಚಿಸಿದೆ. ಟ್ಯಾಂಕ್ ತುಂಬಲು ಹೊತ್ತು ಹಿಡಿಯುತ್ತದೆ, ನೀರು ಸಪ್ಪೆಯೆನಿಸುತ್ತದೆ, ಆದರೂ ತೆರೆಯಬೇಡಿ, ಪೈಪು ಸರಿಯಾಗುವವರೆಗೆ ಫಿಲ್ಟರ್ ನೀರನ್ನೂ ಕುದಿಸಿಯೇ ಕುಡಿಯಿರಿ ಎಂದೆ.

ಒಬ್ಬರು, "ನಿಮ್ಮೋರೇ ಹಾಕಿದ್ದಲ್ವೇನಮ್ಮ ಇದು," ಎಂದರು. ಹೌದು ಎಂದೆ. ಇನ್ನೊಬ್ಬ ಗಂಡಸು ಬಾಗಿಲಲ್ಲೇ ನಿಂತು ಬಾಯಿಗೆ ಬಂದಂತೆ ಬೈದ. ಬೈಸಿಕೊಂಡು ಒಳಗೆ ಹೋಗಿ ಅವನ ಮನೆಯದನ್ನೂ ಮುಚ್ಚಿದೆ.

ಆ ಎರಡನೆಯ ದಿನ ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು. ಹೆರಿಗೆ ಮುಂಚೆಯೇ ಆಗಿತ್ತು. ಗಂಡು ಮಗು. ಉಳಿಯಲಿಲ್ಲ. ತಾಯಿಗೆ ಇನ್ನೂ ಪೂರ್ತಿ ಎಚ್ಚರವಿಲ್ಲ.

ಬೀದಿಯ ಹೆಂಗಸರು ಆಮೇಲೆ ಯಾರ ಮಾತಿಗೂ ಕಾಯಲಿಲ್ಲ. ಕಪ್ಪು ಬಾಟಲಿಗಳನ್ನೆಲ್ಲ ತಂದು ಮ್ಯಾನೇಜರನ ಆಫೀಸಿನ ಮೇಜಿನ ಮೇಲೆ, ರಿಪೋರ್ಟಿನ ಫ್ರೇಮ್ ಕೆಳಗೆ, ಸಾಲಾಗಿ ಇಟ್ಟರು. ಅವನು ಮೊದಲು ದಬಾಯಿಸಿದ, ಆಮೇಲೆ ಯಾರಿಗೋ ಫೋನ್ ಮಾಡಿದ, ಕೊನೆಗೆ ಜೆಸಿಬಿ ತರಿಸುತ್ತೇನೆಂದ. ಒಂದು ದಿನ ಬಿಟ್ಟು, ಬಹುಪಾಲು ಜನ ಶಿಫ್ಟಿಗೆ ಹೋಗಿರುವ ಮಧ್ಯಾಹ್ನದ ಹೊತ್ತು ನೋಡಿ ತರಿಸಿದ. ಅಗೆದು, ಸರಿಮಾಡಿ, ಜನ ಬರುವಷ್ಟರಲ್ಲಿ ಮುಚ್ಚಿಬಿಡುವುದು ಅವನ ಲೆಕ್ಕ. ಪ್ರಾವಿಷನ್ ಸ್ಟೋರಿನ ಹೆಂಗಸು ನನಗೆ ಫೋನ್ ಮಾಡಿದಳು. ಮಾಕಳಿದುರ್ಗದ ಕಡೆ ಒಂದು ಮನೆಯಲ್ಲಿದ್ದವಳು ಅರ್ಧಕ್ಕೇ ಬಿಟ್ಟು ಬಂದೆ.

ಮೂರಡಿ ಆಳದಲ್ಲಿ ಮಣ್ಣು ಕಪ್ಪಗಿತ್ತು. ಮನೆಯ ಒಳಚರಂಡಿ ಪೈಪಿನ ಜಾಯಿಂಟು ಬಿಟ್ಟುಕೊಂಡಿತ್ತು, ಸರಿಯಾಗಿ ಅದರ ಕೆಳಗೆ ಕುಡಿಯುವ ನೀರಿನ ಪಿವಿಸಿ ಪೈಪು. ಒಳಚರಂಡಿಗೆ ಅಗೆಯುವಾಗ ಜೆಸಿಬಿಯ ಬಕೆಟ್ಟಿನ ಹಲ್ಲು ತಗುಲಿ ಪೈಪು ಒಡೆದಿತ್ತು. ಒಡೆದ ಕಡೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ಕಟ್ಟುವ ತಂತಿ ಬಿಗಿದು, ಮಣ್ಣು ಮುಚ್ಚಿದ್ದರು. ಟ್ಯೂಬು ಕೊಳೆತು ಬಿರಿದಿತ್ತು. ಪೈಪು ಕೊಳಚೆಯಲ್ಲಿ ಮುಳುಗಿತ್ತು. ಪೈಪಿನ ಒಂದು ತುಂಡು, ಎರಡು ಜಾಯಿಂಟು, ಸ್ವಲ್ಪ ಅಂಟು, ಅರ್ಧ ಗಂಟೆ ಕೆಲಸ. ಆವತ್ತೇ ಮಾಡಬಹುದಾಗಿದ್ದ ಕೆಲಸ ಅದು.

"ಯಾವನೋ ಪ್ಲಂಬರ್ ಮಾಡಿರೋದು," ಎಂದ ಮ್ಯಾನೇಜರ್. ಕೆಲಸದವರಿಗೆ, "ಬೇಗ ಜಾಯಿಂಟ್ ಹಾಕಿ ಮುಚ್ರೋ," ಎಂದ.

ಆ ಹುಡುಗಿಯ ತಾಯಿ ಆವತ್ತು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಅವರು ಗುಂಡಿಯ ಹತ್ತಿರ ಬಂದು, ಎತ್ತಿ ಹಾಕಿದ ಮಣ್ಣಿನ ಮೇಲೆ ಕೂತರು. ಕಿರುಚಲಿಲ್ಲ.

"ಮುಚ್ಚಬ್ಯಾಡಿ. ನಮ್ಮ ಅಳಿಯ ಬರ್ತಾವ್ನೆ. ಅವ್ನು ನೋಡ್ಲಿ."

"ಅಮ್ಮ, ಗಾಡಿ ಓಡಾಡೋ ರಸ್ತೆ ಇದು. ಸರಿ ಮಾಡ್ತಿದೀವಲ್ಲ, ಇನ್ನೇನು?"

"ಓಡಾಡದಿದ್ರೆ ಬಿಡ್ಲಿ," ಎಂದರು.

ಅವರ ಪಕ್ಕ ಸ್ಟೋರಿನ ಹೆಂಗಸು ಕೂತಳು. ಆಮೇಲೆ ಒಬ್ಬೊಬ್ಬರೇ ಬಂದು ಗುಂಡಿಯ ಸುತ್ತ ಕೂತರು. ನಾನೂ ಕೂತೆ. ಜೆಸಿಬಿಯ ಡ್ರೈವರ್ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ. ಮ್ಯಾನೇಜರ್ ಫೋನ್ ಹಿಡಿದು ಗೇಟಿನವರೆಗೆ ಹೋಗಿ ಬರುತ್ತಿದ್ದ.

ಶಿಫ್ಟ್ ಬಿಟ್ಟ ಬಸ್ಸು ಗೇಟಿನಲ್ಲಿ ನಿಂತು, ಜನ ಇಳಿದು, ನೇರ ಗುಂಡಿಯ ಹತ್ತಿರ ಬಂದರು. ಬಗ್ಗಿ ನೋಡಿದರು. ಊಟದ ಡಬ್ಬಿಯ ಚೀಲದಿಂದ ನೀರಿನ ಬಾಟಲಿ ತೆಗೆದು, ಉಳಿದಿದ್ದ ನೀರನ್ನು ಒಬ್ಬಳು ಆ ಗುಂಡಿಗೆ ಸುರಿದಳು.

ಕೊನೆಗೆ ಆ ಹುಡುಗಿಯ ಗಂಡ ಬಂದ. ಗಡ್ಡ ಬೆಳೆದಿತ್ತು. ಯಾರನ್ನೂ ಮಾತಾಡಿಸದೆ ಪ್ಯಾಂಟ್ ಮಡಿಸಿ ಗುಂಡಿಗೆ ಇಳಿದ. ಇಕ್ಕಳ ಕೇಳಿದ, ಕೊಟ್ಟೆ. ತಂತಿ ಬಿಚ್ಚಿದ, ಕೊಳೆತ ಟ್ಯೂಬು ಅವನ ಕೈಗೆ ಬಂತು. ಅದನ್ನು ಹಿಡಿದುಕೊಂಡು ತಲೆಯೆತ್ತಿ ಮ್ಯಾನೇಜರನನ್ನು ನೋಡಿದ.

"ಇದನ್ನ ಕಟ್ದೋನು ಆಮೇಲೆ ಕೈ ತೊಳ್ಕೊಂಡು ಊಟ ಮಾಡಿರ್ತಾನೆ ಅಲ್ವಾ ಸಾರ್?"

ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದ.

ಪೈಪು ಬದಲಾಯಿತು. ನೀರಿಗೆ ಕ್ಲೋರಿನ್ ಹಾಕಲು ಶುರುಮಾಡಿದರು. ಅರ್ಜಿಗಳನ್ನು ಕೊಟ್ಟೆವು, ಠಾಣೆಗೂ ಹೋದೆವು. ಮಗುವಿನ ಸಾವಿಗೆ ಈ ಪೈಪೇ ಕಾರಣವೆಂದು ಸಾಬೀತು ಮಾಡುವುದು ಹೇಗೆ ಎಂದು ನಮ್ಮನ್ನೇ ಕೇಳಿದರು. ಮ್ಯಾನೇಜರನನ್ನು ಬೇರೆ ಬಡಾವಣೆಗೆ ಹಾಕಿದರು, ಅಲ್ಲೂ ಅವನು ನೀರು ಬಿಡಿಸುತ್ತಿದ್ದಾನೆ. ಅಂಗಡಿಯ ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆಂಬ ಹೆದರಿಕೆ. ನಾನೇ ಬಿಟ್ಟೆ, ಊರಿಗೆಲ್ಲ ಹೇಳಿದೆ. ಈಗ ಸ್ವಂತವಾಗಿ ಸರ್ವಿಸ್ ಮಾಡುತ್ತೇನೆ. ಗಿರಾಕಿಗಳು ಮೊದಲಿಗಿಂತ ಕಡಿಮೆ. ಸಪ್ಪೆ ನೀರು ಎಂದು ಗೊಣಗುವವರು ಈಗಲೂ ಇದ್ದಾರೆ. ಅವರ ಮುಂದೆ ನಾನು ಆ ತಿರುಪನ್ನು ಕಿತ್ತು ತೆಗೆದು, ಆ ದಾರಿಯನ್ನೇ ಮುಚ್ಚಿ ಬರುತ್ತೇನೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಆ ಮನೆಗೆ ಹೋದೆ. ಹೊಸ ಯುವಿ ಲ್ಯಾಂಪ್ ತೆಗೆದುಕೊಂಡು ಹೋಗಿದ್ದೆ. ಗಂಡ ಡ್ಯೂಟಿಗೆ ಹೋಗಿದ್ದ, ತಾಯಿ ಊರಿಗೆ ಹಿಂದಿರುಗಿದ್ದರು. ಅವಳೊಬ್ಬಳೇ ಇದ್ದಳು. ಮುಖ ಇಳಿದಿತ್ತು, ಕಣ್ಣಿನ ಹಳದಿ ಹೋಗಿತ್ತು. ಇನ್ನೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ನಾನು ಲ್ಯಾಂಪ್ ಹಾಕಿ, ಕ್ಯಾಂಡಲ್ ಬದಲಿಸಿ, ಟ್ಯಾಂಕ್ ತೊಳೆದು, ಪೂರ್ತಿ ತುಂಬುವವರೆಗೆ ಕಾದೆ. ಅಷ್ಟು ಹೊತ್ತೂ ಅವಳು ಪಕ್ಕದಲ್ಲೇ ನಿಂತು ನೋಡಿದಳು. ಕೊಳವೆಯನ್ನು ಮುಟ್ಟಿಸಿದೆ, ಬೆಚ್ಚಗಿದೆ ಎಂದಳು.

"ಈಗ ಕುಡೀಬೌದಾ ಅಕ್ಕ?"

"ಕುಡೀಬೌದು."

ಅವಳು ಲೋಟ ತೊಳೆದು, ಫಿಲ್ಟರಿನ ನಲ್ಲಿ ತಿರುಗಿಸಿ ತುಂಬಿ, ನನ್ನ ಕೈಗೆ ಕೊಟ್ಟಳು.

"ನೀವು ಕುಡೀರಿ."

ನಾನು ಕುಡಿದೆ. ಲೋಟ ಖಾಲಿಯಾಗುವವರೆಗೆ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಲೋಟ ತೆಗೆದುಕೊಂಡು ತೊಳೆದಳು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿ, ಕುದಿಸಿ ಆರಿಸಿದ್ದ ನೀರನ್ನು ತನಗೆ ಬಗ್ಗಿಸಿಕೊಂಡಳು.